ಒಂದು ಸಲ ‘ಬಾ’ ಅಂದಿದ್ದರೆ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಯಾರನ್ನೂ ಪ್ರೀತಿಸಿ ಬಿಟ್ಟವಳಲ್ಲ, ಯಾರೂ ನನ್ನನ್ನು ಪ್ರೀತಿಸಿ ಬಿಟ್ಟು ಹೋಗಿಲ್ಲ. ಆದರೂ ನಾಲ್ಕಾರು ವರ್ಷಗಳಿಂದ ಮೊಬೈಲಿನಲ್ಲಿ ನಾನು ಬರೆದು ಹಾಕುವುದೆಲ್ಲ ಬಿಟ್ಟುಹೋದವರು ತಿರುಗಿ ಬರುವ ಪ್ರೇಮಕಥೆಗಳೇ. ವರ್ಷಗಟ್ಟಲೆ ಕಾಣೆಯಾಗಿದ್ದ ಹೀರೋ ಒಂದು ದಿನ ಬರುತ್ತಾನೆ. ಕಿವಿಯ ಪಕ್ಕ ಒಂದಿಷ್ಟು ಬಿಳಿ ಕೂದಲಿರುತ್ತದೆ. ಇನ್ನೂ ಜಾಸ್ತಿ ಹಾಕಿದರೆ ಅವನು ಹೀರೋ ಆಗಿ ಉಳಿಯುವುದಿಲ್ಲ, ಹೀರೋಯಿನ್ನಿನ ಮಾವ ಆಗಿಬಿಡುತ್ತಾನೆ, ಆದ್ದರಿಂದ ಆ ಲೆಕ್ಕದಲ್ಲಿ ನಾನು ಬಹಳ ಹುಷಾರು. ಬಂದವನು ಬಾಗಿಲಲ್ಲಿ ನಿಂತು “ಬಾ, ಹೋಗೋಣ” ಅನ್ನುತ್ತಾನೆ. ಅಷ್ಟೇ ಕಥೆ. ಊರು, ಹೆಸರು, ಸೀರೆಯ ಬಣ್ಣ ಬದಲಿಸಿ ಮತ್ತೆ ಅದನ್ನೇ ಹಾಕುತ್ತೇನೆ. ಓದುವವರೆಲ್ಲ ನನ್ನ ವಯಸ್ಸಿನ ಹೆಂಗಸರು. ಹೊಸದಾಗಿ ಪ್ರೀತಿಯಾದ ಕಥೆ ಹಾಕಿದರೆ ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ತಿರುಗಿ ಬಂದವನ ಕಥೆ ಹಾಕಿದರೆ ಮಾತ್ರ “ಅಕ್ಕಾ, ಅಳಕೋತ ಕುಂತು ಬ್ಯಾಳಿ ಹೊತ್ತಿಸಿದೆ” ಎಂದು ಬರೆಯುತ್ತಾರೆ. ಹೊತ್ತಿದ ಬೇಳೆಗಿಂತ ದೊಡ್ಡ ಬಹುಮಾನ ಬರೆಯುವವಳಿಗೆ ಇನ್ನೇನು ಬೇಕು!

ಇದರಲ್ಲಿ ಅಂಥದ್ದೇನಿದೆ ಎಂದು ಪಾತ್ರೆ ತಿಕ್ಕುವಾಗ ನಾನೂ ಯೋಚಿಸಿದ್ದೇನೆ. ಮೊದಲ ಸಲ ಬರುವವನಿಗೆ ಏನೂ ಗೊತ್ತಿರುವುದಿಲ್ಲ. ನಮ್ಮ ಮನೆಯವರು ನನ್ನನ್ನು ನೋಡಲು ಬಂದಾಗ ಅವರಿಗೆ ತಿಳಿದದ್ದು ನನ್ನ ಎತ್ತರ, ನನ್ನ ಬಣ್ಣ ಮತ್ತು ನಾನು ಮಾಡಿದ್ದೆಂದು ಹೇಳಿ ನಮ್ಮವ್ವ ಮಾಡಿ ಕೊಟ್ಟ ಉಪ್ಪಿಟ್ಟು. ನಾನು ಗೊರಕೆ ಹೊಡೆಯುವುದು, ಸಿಟ್ಟು ಬಂದರೆ ಚಮಚದ ಡಬ್ಬಿ ಕುಕ್ಕುವುದು, ಒಂದು ಮಾತು ಶುರುಮಾಡಿದರೆ ಆ ಮಾತಿನ ಮುತ್ತಜ್ಜನವರೆಗೂ ಹೋಗಿ ಬರುವುದು, ಇಷ್ಟೆಲ್ಲ ಗೊತ್ತಿದ್ದರೆ ಯಾವ ಗಂಡು ಹೂಂ ಅಂದೀತು? ಎರಡನೇ ಸಲ ಬರುವವನು ಹಾಗಲ್ಲ. ಅವನು ಎಲ್ಲ ಗೊತ್ತಿದ್ದೂ ಬರುತ್ತಾನೆ. ಗೊರಕೆ ಕೇಳಿದ ಮೇಲೂ ಬರುತ್ತಾನೆ. ಎದೆ ಹಿಂಡುವುದು ಅಲ್ಲೇ. ನಮ್ಮಂಥವರನ್ನು ಒಮ್ಮೆ ಒಪ್ಪಿಕೊಂಡರೆ ಮುಗಿಯಿತು. ಎಲ್ಲ ಗೊತ್ತಾದ ಮೇಲೆ ‘ಈಗ ಇನ್ನೊಮ್ಮೆ ಕೇಳಿದರೆ ಏನಂತೀಯಪ್ಪಾ?’ ಎಂದು ಗಂಡನನ್ನು ಯಾರೂ ಕೇಳಲು ಹೋಗುವುದಿಲ್ಲ.

ಅದನ್ನು ಕೇಳಿಸುವುದಕ್ಕೂ ನಮ್ಮ ಕಡೆ ಒಂದು ದಾರಿ ಇದೆ ಅನ್ನಿ. ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೋಗಿ ಕೂತ ಹೆಣ್ಣು ತಾನಾಗಿ ತಿರುಗಿ ಬರುವುದಿಲ್ಲ. ಗಂಡ ಒಬ್ಬಿಬ್ಬರು ಹಿರಿಯರನ್ನು ಮುಂದೆ ಮಾಡಿಕೊಂಡು ಕರೆಯಲು ಬರಬೇಕು. ಚಿಟಗುಪ್ಪದ ನಮ್ಮ ಚಿಗವ್ವನನ್ನು ಆಕೆಯ ಗಂಡ, ನಮ್ಮ ಕಾಕಾ, ಒಮ್ಮೆ ಹಾಗೆ ಕರೆಯಲು ಬಂದಿದ್ದನಂತೆ. ಬೇರೆಯವರು ಕಾಶಿಗೆ ಹೋಗಿ ಬಂದದ್ದನ್ನು ಹೇಳುವ ಹಾಗೆ ಆಕೆ ಅದನ್ನು ಹೇಳುತ್ತಾಳೆ. “ಏನ್ ಮಂದಿ ಬಂದಿದ್ರವ್ವಾ! ಪಡಸಾಲ್ಯಾಗ ಕುರ್ಚಿ ಸಾಲಲಿಲ್ಲ, ಬಾಜೂ ಮನಿಯಿಂದ ತಂದ್ವಿ. ನಿಮ್ಮ ಕಾಕಾ ತೆಳಗ ಮಾರಿ ಹಾಕ್ಕೊಂಡು ಕುಂತಿದ್ದ. ಕಡೀಕ ಎದ್ದು ‘ನಡಿ’ ಅಂದ.” ಆ ‘ನಡಿ’ ಹೇಳುವಾಗ ಇಷ್ಟು ವಯಸ್ಸಾದರೂ ಚಿಗವ್ವನ ದನಿ ಸಣ್ಣಗಾಗುತ್ತದೆ. ಜಗಳ ಯಾತಕ್ಕಾಗಿತ್ತು ಎಂದು ಕೇಳಿದರೆ, “ಅದ್ಯಾರಿಗಿ ನೆನಪದ, ಬಿಡು” ಅನ್ನುತ್ತಾಳೆ.

ನನಗೆ ಆ ಭಾಗ್ಯ ಯಾಕಿಲ್ಲ ಅಂದರೆ, ನನ್ನ ಗಂಡನ ಜೊತೆ ಜಗಳವೇ ಆಗುವುದಿಲ್ಲ. ಬಸವಕಲ್ಯಾಣದಲ್ಲಿ ಅವರದು ಸುಟ್ಟ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ದಿನವಿಡೀ ಸುಟ್ಟವುಗಳ ನಡುವೆ ಕೂತ ಮನುಷ್ಯನಿಗೆ ನಾನು ಉರಿಯುವುದು ದೊಡ್ಡ ಸಂಗತಿ ಅನ್ನಿಸುವುದಿಲ್ಲ. ನಾನು ಕೂಗಾಡುವುದನ್ನು ಪೂರ್ತಿ ಕೇಳಿಸಿಕೊಂಡು “ಖರೇ ಅದ, ನಂದೇ ತಪ್ಪು” ಅನ್ನುತ್ತಾರೆ. ತಪ್ಪೊಪ್ಪಿಕೊಂಡವನನ್ನು ಬಿಟ್ಟು ತವರಿಗೆ ಹೋಗಿ ನಾನೇನು ಹೇಳಲಿ? ಸುಮ್ಮನೆ ಹೋದಾಗಲೂ ಅಷ್ಟೇ, ಗ್ಯಾಸ್ ಸಿಲಿಂಡರ್ ಬರುತ್ತದೆಂದೋ ಇಡ್ಲಿ ಹಿಟ್ಟು ಹುಳಿಯಾಗುತ್ತದೆಂದೋ ನಾನಾಗೇ ತಿರುಗಿ ಬಂದಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನನ್ನು ಮನೆಗೆ ಕರೆದದ್ದು ಇಡ್ಲಿ ಹಿಟ್ಟು, ಗಂಡನಲ್ಲ. ಅದಕ್ಕೇ, ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ಇವರು ಬಾಗಿಲಿಗೆ ಬಂದು ಬಾ ಅನ್ನಬೇಕು ಎಂಬ ಆಸೆ ನನ್ನೊಳಗೆ ಕೂತುಬಿಟ್ಟಿತ್ತು.

ಹೋದ ವರ್ಷ ಅದಕ್ಕೆ ಕಾಲ ಕೂಡಿ ಬಂತು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಒಂದು ಮದುವೆ. ಇಬ್ಬರೂ ಬಸ್ಸಿನಲ್ಲಿ ಹೋಗಿದ್ದೆವು. ನಾನು ಹೆಂಗಸರ ಪಂಕ್ತಿಯಲ್ಲಿ ಕೂತು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇವರ ಗೆಳೆಯರೊಬ್ಬರು ಕಾರು ಹೊರಡುತ್ತಿದೆ ಅಂದರಂತೆ, ಇವರು ಹತ್ತಿ ಕೂತರಂತೆ, ಬಸವಕಲ್ಯಾಣ ಮುಟ್ಟಿದರಂತೆ. ನನಗೆ ಫೋನ್ ಬಂದಾಗ ನಾನು ಕೈ ತೊಳೆದು, ಹೆಂಗಸರ ಜೊತೆ ತಾಸುಗಟ್ಟಲೆ ಹರಟಿ, ಆಗಷ್ಟೇ ಅವರನ್ನು ಹುಡುಕುತ್ತಿದ್ದೆ.

“ಎಲ್ಲಿ ಅದಿ?” ಅಂದರು.

“ಮದುವ್ಯಾಗ ಅದೀನಿ. ನೀವೆಲ್ಲಿ ಅದೀರಿ?”

“ನಾ ಮನ್ಯಾಗ... ಅಂದ್ರ, ಮನಿ ಮುಂದ ಅದೀನಿ. ಬಾಗಲಾ ಹಾಕ್ಯದ.” ಬೀಗ ಅಲ್ಲಾಡಿಸಿದ ಸದ್ದು ಕೇಳಿಸಿತು. “ನೀ ಹಿಂದಿನ ಸೀಟಿನ್ಯಾಗ ಅದಿ ಅಂತ ತಿಳ್ಕೊಂಡಿದ್ದೆ. ಹಿಂದ ಹೆಣ್ಮಕ್ಕಳು ಮಾತಾಡಾಕತ್ತಿದ್ರು.”

ಯಾವಳೋ ಮಾತಾಡಿದ್ದನ್ನು ನಾನೇ ಅಂದುಕೊಂಡು ಒಂದು ತಾಸಿನ ದಾರಿ ನೆಮ್ಮದಿಯಾಗಿ ಹೋಗಿದ್ದಾರೆ! ನನ್ನ ಮೈಯೆಲ್ಲ ಉರಿಯಿತು. ಅದರ ಅಡಿಯಲ್ಲೇ, ಸುಳ್ಳು ಯಾಕೆ ಹೇಳಲಿ, ಸಣ್ಣದೊಂದು ಖುಷಿಯೂ ಆಯಿತು. ಇದಕ್ಕಿಂತ ಒಳ್ಳೆಯ ಕಾರಣ ಯಾವ ಹೀರೋಯಿನ್ನಿಗೆ ಸಿಕ್ಕೀತು? “ನಾ ತವರಿಗಿ ಹೋಗಾಕತ್ತೀನಿ,” ಅಂದೆ, ದನಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು ನಡುಕ ತಂದುಕೊಂಡು.

“ಛಲೋ ಆತು ನೋಡು,” ಅಂದರು ನಮ್ಮ ಮನೆಯವರು. “ಅತ್ತಿಯವರ್ನ ಮಾತಾಡ್ಸಿದಂಗೂ ಆಗ್ತದ. ನಾ ಬಾಜೂದವ್ರ ಬಲ್ಲಿ ಇನ್ನೊಂದು ಕೀಲಿ ಇಸ್ಕೋತೀನಿ.”

ಹುಮನಾಬಾದಿನ ತವರುಮನೆಯಲ್ಲಿ ನಮ್ಮವ್ವ, ಅಣ್ಣ ಮತ್ತು ಅಣ್ಣನ ಹೆಂಡತಿ ಇದ್ದಾರೆ. ಆಕೆಯನ್ನು ನಾನು ವೈನಿ ಅನ್ನುತ್ತೇನೆ. ಸಿಟ್ಟಾಗಿ ಬಂದಿದ್ದೇನೆ ಎಂದು ಹೇಳಿ ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮರ್ತು ಹೋಗ್ಯಾನ ಹುಚ್ಚಿ, ಬಿಟ್ಟು ಹೋಗಿಲ್ಲ,” ಅಂದಳು. ವೈನಿ ಮಾತ್ರ ನಗಲಿಲ್ಲ. ನನ್ನ ಕಥೆಗಳನ್ನು ಒಂದೂ ಬಿಡದೆ ಓದುವವಳು ಆಕೆ. ಕಣ್ಣರಳಿಸಿ ನನ್ನ ಕೈ ಹಿಡಿದುಕೊಂಡು, “ಸುವರ್ಣಾ, ಈಗ ನೀ ಹೋಗಬ್ಯಾಡ. ಅವರೇ ಬರ್ಲಿ. ಬಂದ್ರೂ ಒಮ್ಮಿಗಿ ಹೊರಗ ಬರಬ್ಯಾಡ, ನಾ ಮೊದಲ ಚಾ ಕೊಡ್ತೀನಿ,” ಅಂದಳು. ಅವತ್ತಿನಿಂದ ದಿನಾ ಸಂಜೆ ನನ್ನ ತಲೆ ಬಾಚಿ ಹೂವು ಮುಡಿಸಿ ಕೂರಿಸತೊಡಗಿದಳು. ಮನೆಯ ಅಷ್ಟೂ ಕೆಲಸ ಮಾಡಿ ಆಕೆಗೆ ಬೆನ್ನು ನೋವು ಬೇರೆ. ಅಣ್ಣ ಹೊರಗಿನಿಂದ ಬಂದವನು ಕೂತಿದ್ದ ನನ್ನನ್ನು ನೋಡಿ, “ಏನು, ಕನ್ಯಾ ನೋಡಾಕ ಬರಾಕತ್ತಾರೇನು?” ಅನ್ನುತ್ತಿದ್ದ.

ಫೋನ್ ಬರುತ್ತಿತ್ತು. ಪ್ರತಿ ಸಲ ವೈನಿ ಕಿವಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದಳು. “ಜೀರಗಿ ಡಬ್ಬಿ ಎಲ್ಲದ?” ಎಂದು ಕೇಳುತ್ತಿದ್ದರು. “ನಳಕ್ಕ ನೀರು ಯಾವಾಗ ಬರ್ತದ?” ಎಂದು ಕೇಳುತ್ತಿದ್ದರು. ಒಮ್ಮೆ “ಏ, ಒಂದ್ ಮಾತು...” ಎಂದು ತಡವರಿಸಿದರು. ನಾವಿಬ್ಬರೂ ಉಸಿರು ಬಿಗಿ ಹಿಡಿದೆವು. “ಅನ್ನಕ್ಕ ನೀರು ಎಷ್ಟು ಹಾಕಬೇಕು?” ಅಂದರು. ವೈನಿ ಫೋನಿಗೇ ಒಂದು ಕೆಟ್ಟ ನೋಟ ಕೊಟ್ಟು ಒಳಗೆ ಹೋದಳು.

ಕೊನೆಗೂ ಒಂದು ಮಧ್ಯಾಹ್ನ ಬಂದರು. ಹಿರಿಯರಿಲ್ಲ, ಕಾರಿಲ್ಲ. ಮೋಟಾರಿನ ತಂತಿ ತರಲು ಹುಮನಾಬಾದಿಗೆ ಬಂದವರು, ಕೈಯಲ್ಲಿ ಭಾರದ ಚೀಲ, ಅಂಗಿಯ ಮೇಲೆ ಎಣ್ಣೆಯ ಕಲೆ. ವೈನಿ ನನ್ನನ್ನು ಅಡುಗೆಮನೆಗೆ ದೂಡಿದಳು. ನಾನು ಪರದೆಯ ಹಿಂದೆ ನಿಂತೆ. ಈ ವಯಸ್ಸಿನಲ್ಲಿ ಎದೆ ಹಾಗೆ ಹೊಡೆದುಕೊಳ್ಳಬಾರದು, ಡಾಕ್ಟರು ಹೇಳಿದ್ದಾರೆ.

ಅವ್ವ ಪಾಪ ದಾರಿ ಮಾಡಿ ಕೊಟ್ಟಳು. “ಮತ್ತ ಅಳಿಯಂದ್ರ, ಸುವರ್ಣಾ ಬಂದು ಬಾಳ ದಿನಾ ಆತಲ್ರಿ.”

“ಇರ್ಲಿ ಬಿಡ್ರಿ,” ಅಂದರು ಇವರು. “ಆರಾಮ ತಗೋಲಿ. ಅಲ್ಲಿಗಿ ಬಂದ್ರ ಮತ್ತ ಅದೇ ಅಡಗಿ, ಅದೇ ದಗದಾ.”

“ಊಟಕ್ಕ ತಕಲೀಫ್ ಆಗ್ತಿರಬೇಕಲ್ರಿ ಅಣ್ಣಾರ?” ಎಂದು ವೈನಿ ಬೇಡಿಕೊಳ್ಳುವವಳ ಹಾಗೆ ಕೇಳಿದಳು.

“ಇಲ್ರಿ. ಅನ್ನ ಬರೋಬ್ಬರಿ ಆಗಾಕತ್ತದ ಈಗ.”

ಚಹಾ ಕುಡಿದರು. ಒಂದು ಸಣ್ಣ ಪೊಟ್ಟಣ ತೆಗೆದು ಅವ್ವನ ಕೈಗೆ ಕೊಟ್ಟು, “ಬಿಪಿ ಗುಳಿಗಿ ಬಿಟ್ಟು ಬಂದಾಳ, ಕೊಡ್ರಿ,” ಅಂದರು. ಪರದೆಯ ಕಡೆ ಒಮ್ಮೆ ನೋಡಿದರು. ಎದ್ದು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ವೈನಿ ಪೊಟ್ಟಣ ಬಿಚ್ಚಿ ನೋಡಿ, “ಅಯ್ಯ, ತಿಂಗಳಿಗಾಗುವಷ್ಟು ತಂದಾರಲ್ಲಾ!” ಎಂದು ಅಲ್ಲೇ ಕೂತುಬಿಟ್ಟಳು.

ನನಗೆ ಅಳು ಬಂತು. ಅವ್ವ ಗುಳಿಗೆಯನ್ನು ನನ್ನ ಮುಂದಿಟ್ಟು ಹೇಳಿದಳು, “ನಿನಗ ಅವರು ಬಾ ಅನಬೇಕು. ಅವರಿಗಿ ನೀ ಬರ್ತೀನಿ ಅನಬೇಕು. ನಡುವ ನಾ ಎಷ್ಟು ಓಡಾಡ್ಲಿ? ನನ್ನ ಮೊಣಕಾಲು ನೋಯಾಕತ್ತಾವ.” ಮದುವೆಗೆ ಉಟ್ಟ ಸೀರೆಯನ್ನು ಹಾಗೇ ಮುದ್ದೆ ಮಾಡಿ ಚೀಲಕ್ಕೆ ತುರುಕಿ, ಆಟೋ ಹತ್ತಿ ಓಡಿದೆ. ನನ್ನ ಯಾವ ಕಥೆಯಲ್ಲೂ ಹೀರೋಯಿನ್ ಹೀಗೆ ಓಡಿಲ್ಲ, ಅದೂ ಕೈಯಲ್ಲಿ ಬಿಪಿ ಗುಳಿಗೆ ಹಿಡಿದುಕೊಂಡು.

ಬಸವಕಲ್ಯಾಣದ ಬಸ್ಸು ತುಂಬಿತ್ತು, ಜನ ನಿಂತಿದ್ದರು. ಇವರು ಕಿಟಕಿಯ ಪಕ್ಕ ಕೂತಿದ್ದರು. ಪಕ್ಕದ ಸೀಟಿನ ಮೇಲೆ ತಂತಿಯ ಚೀಲ, ಚೀಲದ ಮೇಲೆ ಟವೆಲ್ಲು. ನಿಂತಿದ್ದ ಒಬ್ಬರು “ಜರಾ ಚೀಲ ತೆಗೀರಲ್ಲಾ” ಎಂದು ಗೊಣಗುತ್ತಿದ್ದರು, ಇವರು ಕಿವಿ ಕೇಳದವರ ಹಾಗೆ ಹೊರಗೆ ನೋಡುತ್ತಿದ್ದರು. ನಾನು ನೂಕಿಕೊಂಡು ಹೋಗಿ ಎದುರು ನಿಂತೆ. ನನ್ನನ್ನು ನೋಡಿದವರೇ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು. ಕೂತೆ.

“ಯಾರಿಗಿ ಹಿಡಿದಿದ್ರಿ ಸೀಟು?” ಎಂದು ಕೇಳಿದೆ.

“ತಂತಿ ಅದ. ತೆಳಗ ಇಟ್ರ ಮಂದಿ ತುಳೀತಾರ.”

ಅದು ತಂತಿಗೆ ಹಿಡಿದ ಸೀಟೋ ನನಗೆ ಹಿಡಿದ ಸೀಟೋ, ಇವತ್ತಿಗೂ ನನಗೆ ಗೊತ್ತಿಲ್ಲ. ಊರು ದಾಟಿದ ಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ. “ರೀ, ಮನಿ ತನಕ ಬಂದ್ರಿ. ಒಂದ್ಸಲ ಬಾ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಬಾ ಅಂತ ಯಾರಿಗಿ ಅಂತಾರ? ಬೀಗರಿಗಿ ಅಂತಾರ. ನಿನ್ನ ಮನಿಗಿ ನಿನಗ ಬಾ ಅನ್ನಾಕ ನಾ ಯಾರು?”

ಇಂಥ ಉತ್ತರ ಕೊಟ್ಟರೆ ಸಿಟ್ಟು ಎಲ್ಲಿ ಇಟ್ಟುಕೊಳ್ಳಬೇಕು ಹೇಳಿ. ಒಳ್ಳೆಯ ಮಾತೇ. ಯಾರಾದರೂ ಹೇಳಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಆದರೂ ಮಸಾಲೆ ದೋಸೆಗೆ ಆಸೆಪಟ್ಟವಳಿಗೆ ಮೈಗೆ ಒಳ್ಳೆಯದೆಂದು ಗಂಜಿ ಕೊಟ್ಟ ಹಾಗಾಗಿತ್ತು. ಸುಮ್ಮನೆ ಗಂಜಿ ಕುಡಿದು ಊರು ಮುಟ್ಟಿದೆ.

ಮನೆಗೆ ಬಂದು ಮಾಡುವುದನ್ನೇ ಮಾಡಿದೆ, ಕಥೆ ಬರೆದೆ. ಹೀರೋನನ್ನು ಮೋಟಾರ್ ಅಂಗಡಿಯಿಂದ ಎಬ್ಬಿಸಿ ಬ್ಯಾಂಕಿನಲ್ಲಿ ಕೂರಿಸಿದೆ. ಅಂಗಿಯ ಎಣ್ಣೆ ಕಲೆ ಒಗೆದೆ. ಅವನು ಹೆಂಡತಿಯ ತವರಿಗೆ ಬಂದು, ಎಲ್ಲರೆದುರು ಪರದೆ ಸರಿಸಿ “ಬಾ” ಅಂದ. ನಡೆದದ್ದೆಲ್ಲ ಕಣ್ಣಾರೆ ಕಂಡಿದ್ದ ವೈನಿಯೇ ಎಲ್ಲರಿಗಿಂತ ಮೊದಲು ಅಳುವ ಮುಖದ ಚಿತ್ರ ಕಳಿಸಿದಳು. ಭಾನುವಾರ ಅಂಗಡಿ ಮುಚ್ಚಿತ್ತು. ಇವರು ಏನು ತಿಳಿದೋ ನನ್ನ ಮೊಬೈಲ್ ತೆಗೆದುಕೊಂಡು, ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ಕೊನೆಯವರೆಗೂ ಓದಿದರು. ನನ್ನ ಕಥೆ ಅವರು ಓದಿದ್ದು ಅದೇ ಮೊದಲು.

“ಛಲೋ ಅದ,” ಅಂದರು. ಮೊಬೈಲ್ ಕೊಡಲಿಲ್ಲ. “ಒಂದ್ ಕೇಳ್ಲೇನು?”

“ಕೇಳ್ರಿ.”

“ಅಷ್ಟು ಮಂದಿ ಮುಂದ ಅಂವ ಬಾ ಅಂದ. ಅಕಿ ಬರಂಗಿಲ್ಲ ಅಂದಿದ್ರ ಅಂವ ಏನ್ ಮಾಡ್ತಿದ್ದ?”

ಇಷ್ಟೊಂದು ಹೀರೋಗಳನ್ನು ಇಷ್ಟೊಂದು ಬಾಗಿಲುಗಳಲ್ಲಿ ನಿಲ್ಲಿಸಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. “ಅಕಿ ಹಂಗ ಅನ್ನಂಗಿಲ್ರಿ. ಕಥಿ ಅದ,” ಅಂದೆ.

“ಹೌದು, ಕಥ್ಯಾಗ ಅನ್ನಂಗಿಲ್ಲ,” ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಒರೆಸುತ್ತ ಕೂತರು.

ಬರ್ತಿದ್ದೆ, ಚಪ್ಪಲಿ ಹಾಕಿಕೊಳ್ಳದೆ ಬರ್ತಿದ್ದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರು ಕೇಳಿದ್ದು ಕಥೆಯವಳ ವಿಷಯ. ನನ್ನನ್ನು ಇನ್ನೂ ಕರೆದೇ ಇಲ್ಲವಲ್ಲ, ಕರೆಯುವ ಮೊದಲೇ ಬರ್ತೀನಿ ಅನ್ನುವುದು ಹೇಗೆ?