ಕೂಸಿಗೆ ಎರೆಯುವ ಹಕ್ಕು

ಸಂತೋಷದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದಾಗದು: ನನ್ನ ಮೊಮ್ಮಗಳಿಗೆ ನಾನೇ ಎರೆಯಬಹುದೆಂದು ಬಾಗಲಕೋಟೆಯ ಡಾಕ್ಟರ್‌ಬಾಯಿ ಅಪ್ಪಣೆ ಕೊಟ್ಟರು. ಕೂಸು ಹುಟ್ಟಿ ಹದಿನೆಂಟು ದಿನ. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಅದನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಸುರಿಯುವ ಸುಖದ ಮುಂದೆ ಉಳಿದದ್ದೆಲ್ಲ ನನಗೆ ಸಪ್ಪೆ. ಮೂರನೆಯ ಇಯತ್ತೆ ಓದಿದ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಇದೆಲ್ಲ ಶುರುವಾದದ್ದು ಒಂದು ನಾಯಿಯಿಂದ. ಮಗಳು ನೀಲವ್ವ ಬಾಣಂತನಕ್ಕೆಂದು ಇಳಕಲ್ಲಿನ ನಮ್ಮ ಮನೆಗೆ ಬಂದಿದ್ದಳು. ಬೋರಿಂಗಿನಿಂದ ಕೊಡ ಹೊತ್ತು ತರುವಾಗ ಅರ್ಧ ದಾರಿಗೆ ನನಗೆ ದಮ್ಮು ಹತ್ತುತ್ತಿತ್ತು, ಎದೆ ಡವಡವ. ಇದು ಗೊತ್ತಾದರೆ ಎರೆಯುವ ಕೆಲಸ ಬೀಗಿತ್ತಿಯ ಪಾಲು; ಆಕೆ ಸೆರಗು ಸಿಕ್ಕಿಸಿಕೊಂಡೇ ಕಾಯುತ್ತಿದ್ದಳು. ಅದಕ್ಕೆ ದಮ್ಮು ಬಂದಲ್ಲೆಲ್ಲ ನಿಂತು, ನಾಯಿ ಓಡಿಸುವವಳಂತೆ ಕೈ ಬೀಸಿ “ಹಚಾ, ಹಚಾ” ಎನ್ನುತ್ತಿದ್ದೆ. ರೂಢಿಯಾಗಿ ಒಂದು ದಿನ ಬಚ್ಚಲೊಳಗೂ ಅಂದೆ.

“ಯವ್ವಾ, ಬಚ್ಚಲದಾಗ ನಾಯಿ ಎಲ್ಲಿಂದ ಬಂತ?” ಎಂದಳು ನೀಲವ್ವ.

“ಈಗ ಹೋತು ನೋಡು.”

“ನನ್ನ ಮುಂದ ಸುಳ್ಳ ಹೇಳಬ್ಯಾಡ. ನಿನಗ ದಮ್ಮ ಹತ್ತೇತಿ.”

ನಮ್ಮ ಯಜಮಾನರು ಮಗ್ಗದ ಕುಣಿಯಿಂದ ಏಳದೆಯೇ ತೀರ್ಪು ಕೊಟ್ಟರು: “ಎದಿಬ್ಯಾನಿ ಗಂಡಸರಿಗೆ ಬರೂದು. ನಿಮ್ಮವ್ವಗ ವಾಯು ಆಗೇತಿ, ಅಜವಾನ ಕೊಡು.” ನಾನೂ ಹಾಗೇ ನಂಬಿದ್ದೆ. ಒಮ್ಮೆ ಇವರಿಗೆ ಬಿಕ್ಕಳಿಕೆ ನಿಲ್ಲದಿದ್ದಾಗ ಇಡೀ ಓಣಿ ಇವರನ್ನು ಚಕ್ಕಡಿಯಲ್ಲಿ ದವಾಖಾನೆಗೆ ಒಯ್ದಿತ್ತು. ನನ್ನ ಎದೆಗೆ ಮಾತ್ರ ಅಜವಾನ. ನೀಲವ್ವ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಬಾಗಲಕೋಟೆಯ ಬಸ್ಸಿಗೆ ಅಟ್ಟಿದಳು.

ಡಾಕ್ಟರ್‌ಬಾಯಿ ನನ್ನ ಎದೆಗೆ ವಯರು ಹಚ್ಚಿದರು. ಯಂತ್ರದಿಂದ ಉದ್ದನೆಯ ಕಾಗದ ಬಂತು, ಅದರ ಮೇಲೆ ನಾವು ಸೀರೆಯ ಸೆರಗಿನಲ್ಲಿ ನೇಯುವ ಚೂಪು ತೆನೆಗಳಂತೆ ಏರಿಳಿಯುವ ಗೆರೆ. ಯಜಮಾನರು ಬಗ್ಗಿ ನೋಡಿ, “ಇಲ್ಲೊಂದು ತೆನಿ ತಪ್ಪೇತಲ್ರಿ ಬಾಯಾರ” ಎಂದರು. ನಲವತ್ತು ವರ್ಷ ನೇಯ್ದ ಕಣ್ಣು. “ಖರೆ ಐತ್ರಿ, ನಾನೂ ಅದನ್ನ ನೋಡಾಕ್ಹತ್ತೇನಿ” ಎಂದ ಡಾಕ್ಟರ್‌ಬಾಯಿ ನನ್ನ ಕಡೆ ತಿರುಗಿ, “ಮುಟ್ಟು ನಿಂತು ಎಷ್ಟು ವರ್ಷ ಆತ್ರಿ?” ಎಂದರು. ಯಜಮಾನರು ತಟ್ಟನೆ ಫ್ಯಾನು ನೋಡತೊಡಗಿದರು. ಐದು ವರ್ಷವೆಂದೆ. ಆ ಕಾಟ ತಪ್ಪಿದಾಗ ನಾನು ಹೋಳಿಗೆ ಮಾಡಿದ್ದು ನೆನಪಾಯಿತು. “ಇವತ್ತ ಯಾವ ಹಬ್ಬ?” ಎಂದು ಇವರು ಕೇಳಿದ್ದಕ್ಕೆ “ಸುಮ್ನ ಉಣ್ರಿ” ಎಂದಿದ್ದೆ.

“ಮುಟ್ಟು ಇರೂತನಕ ಹೆಣ್ಣಿನ ಮೈಯಾಗ ಒಂದು ರಸ ಇರತೈತ್ರಿ, ಗುಂಡಿಗಿಗೆ ಕಾವಲಿದ್ದಂಗ. ಅದು ಕಡಿಮಿ ಆತು, ಮ್ಯಾಲ ವಯಸ್ಸಾತು ಅಂದ್ರ ಗುಂಡಿಗಿ ಬಿರುಸಾಗತೈತಿ. ಸಡಲಾಗಿ ರಕ್ತ ತುಂಬಿಕೊಳ್ಳಾಕ ಅದಕ್ಕ ತ್ರಾಸ. ನಿಮ್ಮ ಬೀಪಿನೂ ಏರೇತಿ.”

ಅಂದರೆ, ಕಾವಲುಗಾರ ಮನೆ ಬಿಟ್ಟು ಹೋದದ್ದಕ್ಕೆ ನಾನು ಹೋಳಿಗೆ ಹಂಚಿದ್ದೆ.

“ಅದೆಲ್ಲ ಇರ್ಲಿರಿ. ಕೂಸಿಗೆ ಎರೀಬಹುದೇನ್ರಿ?”

“ಕುಂತು ಎರೀರಿ. ಕೊಡ ಹೊರಬ್ಯಾಡ್ರಿ. ದಿನಾ ಗುಳಿಗಿ, ಉಪ್ಪು ಕಡಿಮಿ.”

“ನೀರು ಯಾರು ತರೂದ್ರಿ?”

ಡಾಕ್ಟರ್‌ಬಾಯಿ ಯಜಮಾನರನ್ನು ನೋಡಿದರು. ಅವರು ಮತ್ತೆ ಫ್ಯಾನು ನೋಡಿದರು.

ಊರಿಗೆ ಬಂದವರೇ ಯಜಮಾನರು ನೀರು ತಂದರು, ನಾನು ಎರೆದೆ. ದಾರಿಯಲ್ಲಿ ಎರಡು ಸಲ ಕೊಡ ಇಳಿಸಿ “ತೂತೈತೇನ ನೋಡತೇನಿ” ಎಂದರಂತೆ. ಸಂಜೆ ಅಳಿಯನೂ ಬೀಗಿತ್ತಿಯೂ ಬಂದರು. ಹೋಳಿಗೆ, ರೊಟ್ಟಿ, ಉಪ್ಪು ಕಡಿಮೆ ಹಾಕಿದ ಪುಂಡಿಪಲ್ಯ. ತೊಟ್ಟಿಲ ಸುತ್ತ ಎಲ್ಲರೂ ಊಟಕ್ಕೆ ಕುಳಿತೆವು. ನನ್ನ ಸಲುವಾಗಿ ಎಲ್ಲರೂ ಸಪ್ಪೆ ಪಲ್ಯವನ್ನೇ ಉಣ್ಣುತ್ತಿದ್ದರು. ಮೆಲ್ಲಗೆ ನನ್ನ ಕೈ ಉಪ್ಪಿನಕಾಯಿ ಭರಣಿಯ ಕಡೆ ಹೋಯಿತು.

ತಟ್ಟೆಯಿಂದ ತಲೆ ಎತ್ತದೆ ನೀಲವ್ವ ಅಂದಳು: “ಹಚಾ.”