ಬಾಯಿ ಮುಚ್ಚಿಕೊಳ್ಳುವ ತರಗತಿ

ಓದಲು ಬಾರದಿರುವುದು ಮಗಳಿಗೆ, ಬೆಂಚಿನ ಮೇಲೆ ಕೂರಬೇಕಾದವಳು ತಾಯಿ! ಇದು ಯಾವ ಸೀಮೆಯ ನ್ಯಾಯ ಎಂದು ಔಷಧಿ ಅಂಗಡಿಯಮ್ಮ ಶಾಲೆಯಿಂದ ಮನೆಯವರೆಗೂ ಗೊಣಗುತ್ತಲೇ ಬಂದಳು. ಒಂದನೇ ತರಗತಿಯ ಟೀಚರ್ ಅವಳನ್ನು ಕರೆಸಿ, "ಗುಬ್ಬಿ ಓದೋದ್ರಲ್ಲೂ ಲೆಕ್ಕದಲ್ಲೂ ಸ್ವಲ್ಪ ಹಿಂದೆ ಬಿದ್ದಿದ್ದಾಳೆ. ಸಂಜೆ ವಿಶೇಷ ತರಗತಿ ಇದೆ. ಅಪ್ಪನೋ ಅಮ್ಮನೋ ಒಬ್ಬರು ಜೊತೆಗೆ ಕೂರಬೇಕು. ಪರೀಕ್ಷೆ ಹೊತ್ತಿಗೆ ಒಂದು ಪುಟ ತಾನೇ ಓದದಿದ್ರೆ ಮತ್ತೆ ಒಂದನೇ ತರಗತೀಲೇ ಕೂರಿಸಬೇಕಾಗುತ್ತೆ" ಎಂದಿದ್ದರು.

ಗುಬ್ಬಿಗೆ ಮಾತ್ರ ಬೇರೆಯೇ ಚಿಂತೆ. "ಅಮ್ಮಾ, ನಾನು ಇಲ್ಲೇ ಉಳಿದುಬಿಟ್ರೆ ನನ್ನ ಫ್ರೆಂಡು ಎರಡನೇ ಕ್ಲಾಸಲ್ಲಿ ಯಾರ ಪಕ್ಕ ಕೂತ್ಕೋತಾಳೆ?"

ಆ ಪ್ರಶ್ನೆ ತಾಯಿಯ ಎದೆಯಲ್ಲಿ ಮುಳ್ಳಿನಂತೆ ನಿಂತುಬಿಟ್ಟಿತು. ಉತ್ತರ ತೋಚದ ಪ್ರಶ್ನೆ ಅವಳ ಪಾಲಿಗೆ ತೀರ ಹೊಸದು. ಏಕೆಂದರೆ ಯಾರ ಮಾತಾದರೂ ಅವರಿಗಿಂತ ಮುಂಚೆ ಅವಳಿಗೇ ಗೊತ್ತಿರುತ್ತಿತ್ತು. ಅಂಗಡಿಗೆ ಬಂದವರು "ಹೊಟ್ಟೆ..." ಎನ್ನುವಷ್ಟರಲ್ಲಿ ಮಾತ್ರೆಯ ಪೊಟ್ಟಣ ಸಿದ್ಧ. ("ಹೊಟ್ಟೆ ತುಂಬಾ ಉಂಡು ಬಂದೆ, ಒಂದು ಥರ್ಮಾಮೀಟರ್ ಕೊಡಿ" ಎನ್ನಲು ಹೊರಟ ಒಬ್ಬ ಸಾಧು ಮನುಷ್ಯ ಅಜೀರ್ಣದ ಮಾತ್ರೆ ಹಿಡಿದುಕೊಂಡು ಮನೆಗೆ ಹೋದದ್ದೂ ಉಂಟು.) ಗಡಿಯಾರ ರಿಪೇರಿ ಮಾಡುವ ಗಂಡನಂತೂ ಮದುವೆಯಾದ ಮೇಲೆ ಒಂದು ವಾಕ್ಯವನ್ನೂ ದಡ ಮುಟ್ಟಿಸಿರಲಿಲ್ಲ.

"ತರಗತಿಗೆ ನಾನು ಹೋಗ್ತೀನಿ ಕಣೇ, ಅಂಗಡಿ..."

"ಅಂಗಡಿ ಬಿಟ್ಟು ಹೋಗೋಕಾಗಲ್ಲ ಅಂತೀರಿ. ಗೊತ್ತು ಬಿಡಿ. ಎಲ್ಲಾ ನನ್ನ ತಲೆ ಮೇಲೇ ಬರೋದು."

"ಅಲ್ವೇ, ಅಂಗಡಿ ಬೇಗ..."

"ಬೇಗ ಮುಚ್ಚಿದ್ರೆ ಗಿರಾಕಿ ತಪ್ಪಿ ಹೋಗ್ತಾರೆ. ಅದೂ ಗೊತ್ತು. ನಾನೇ ಹೋಗ್ತೀನಿ, ಆಯ್ತಾ?"

ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಕಡೆ ತಿರುಗಿದ. ಗಡಿಯಾರಗಳು ಅವನ ಮಾತಿಗೆ ಅಡ್ಡ ಬರುತ್ತಿರಲಿಲ್ಲ.

ವಿಶೇಷ ತರಗತಿಯ ಬೆಂಚು ಆರು ವರ್ಷದವರ ಅಳತೆಯದು. ಔಷಧಿ ಅಂಗಡಿಯಮ್ಮ ಕುಳಿತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಗುಬ್ಬಿ ಪುಸ್ತಕ ತೆರೆದು, "ಆ...ನೆ... ಕೆ..." ಎಂದು ಉಸಿರು ತೆಗೆದುಕೊಂಡಳು.

"ಕೆರೆಗೆ!" ಎಂದಳು ತಾಯಿ.

"ಆನೆ ಕೆಸರಲ್ಲಿ ಬಿತ್ತು ಅಂತಿದೆ," ಎಂದರು ಟೀಚರ್ ಮೆಲ್ಲಗೆ.

"ಕೆರೆಗೆ ಹೋಗುವಾಗ ತಾನೇ ಮೇಡಂ ಬಿದ್ದಿರೋದು?"

ಟೀಚರ್ ಓದು ನಿಲ್ಲಿಸಿ ಲೆಕ್ಕಕ್ಕೆ ಬಂದರು. ಹದಿಮೂರು ಗುಂಡಿಗಳನ್ನು ಮೇಜಿನ ಮೇಲೆ ಹರಡಿ, ಐದು ತೆಗೆದರೆ ಎಷ್ಟು ಉಳಿಯುತ್ತೆ ಎಂದರು. ತಾಯಿ ಈ ಸಲ ತುಟಿ ಬಿಚ್ಚಲಿಲ್ಲ. ಬೆಂಚಿನ ಕೆಳಗೆ ಬೆರಳು ತೋರಿಸಿದಳು. ಅವಸರದಲ್ಲಿ ಒಂದು ಹೆಬ್ಬೆರಳು ಮಡಚಿಕೊಂಡಿತ್ತು. ಗುಬ್ಬಿ ಬಗ್ಗಿ ನೋಡಿ, "ಏಳು" ಎಂದಳು.

"ಮಗುವಿನ ಎಣಿಕೆ ಸರಿಯಾಗೇ ಇದೆ," ಎಂದರು ಟೀಚರ್. "ಬೆರಳು ಏಳೇ ಇದ್ವು. ಅಮ್ಮಾ, ನಿಮ್ಮ ಕೈ ಮೇಲೆ ನೀವೇ ಸ್ವಲ್ಪ ಕೂತ್ಕೋತೀರಾ?"

ತರಗತಿ ಮುಗಿದ ಮೇಲೆ ಟೀಚರ್ ಅವಳನ್ನು ಬಾಗಿಲ ಬಳಿ ನಿಲ್ಲಿಸಿಕೊಂಡರು. "ಇವಳು ಪುಸ್ತಕ ನೋಡ್ತಾನೇ ಇಲ್ಲಮ್ಮ. ನಿಮ್ಮ ಮುಖ ಓದ್ತಿದ್ದಾಳೆ. ಅದನ್ನ ಚೆನ್ನಾಗಿ ಓದ್ತಾಳೆ. ಅವಳು ತಡವರಿಸಿದಾಗ ಕಾಯಿರಿ. ಅಷ್ಟೇ ನಿಮ್ಮ ಹೋಮ್‌ವರ್ಕು."

ಕಾಯುವುದು! ಕುದಿಯುವ ನೀರಿಗೆ ಸುಮ್ಮನಿರು ಎಂದ ಹಾಗೆ. ಅಂದು ಅವಳು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕುಳಿತಳು. "ದೇವರೇ, ಮಗುವಿನ ನಾಲಿಗೆಗೆ ಶಕ್ತಿ ಕೊಡು, ನನ್ನ ನಾಲಿಗೆಗೆ ಬುದ್ಧಿ ಕೊಡು." ಬೇಡಿದ್ದೇನೋ ಒಳ್ಳೆಯದೇ. ಆದರೆ ಭಗವಂತ ಏನಾದರೂ ಹೇಳುವ ಮೊದಲೇ "ಆಯ್ತು, ಆಯ್ತು" ಎಂದು ಎದ್ದುಬಿಟ್ಟಳು.

ಆದರೂ ಒಂದು ಉಪಾಯ ಹೊಳೆಯಿತು. ಗುಬ್ಬಿ ಓದುವಷ್ಟು ಹೊತ್ತೂ ಬಾಯಿ ತುಂಬಾ ನೀರು ಹಿಡಿದುಕೊಂಡಿರುವುದು! ಮರುದಿನವೇ ಈ ಮಹಾವ್ರತ ಶುರುವಾಯಿತು. ಮೊದಲು ಗಾಬರಿಯಾದವರು ಅತ್ತೆ.

"ಏನಮ್ಮಾ, ಕೆನ್ನೆ ಊದಿದೆ? ಹಲ್ಲುನೋವಾ?"

ಸೊಸೆ ತಲೆ ಅಲ್ಲಾಡಿಸಿದಳು.

"ನನ್ನ ಮೇಲೆ ಕೋಪಾನಾ?"

ಮತ್ತೆ ಅಲ್ಲಾಡಿಸಿದಳು. ಅತ್ತೆಯ ಮುಖ ಅರಳಿತು. "ಹಾಗಾದ್ರೆ ಕೇಳು," ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಇಷ್ಟು ವರ್ಷ ಅರ್ಧಕ್ಕೇ ನಿಂತಿದ್ದ ತಮ್ಮ ಮಂಡಿನೋವಿನ ಇತಿಹಾಸವನ್ನು ಆದಿಯಿಂದ ಹೇಳತೊಡಗಿದರು. ಒಂದು ಮಂಡಿ ಮುಗಿಯುವ ಹೊತ್ತಿಗೆ ಸೊಸೆ ನೀರು ನುಂಗಿ ಅಡುಗೆಮನೆಗೆ ಪರಾರಿ.

ಬಾಯಿಯೇನೋ ಬಂದ್ ಆಯಿತು. ಹುಬ್ಬುಗಳನ್ನು ಯಾರು ಹಿಡಿಯಬೇಕು? ಸರಿಯಾದ ಪದಕ್ಕೆ ಅವು ಮೇಲೇರುತ್ತಿದ್ದವು, ತಪ್ಪು ಪದಕ್ಕೆ ಗಂಟಿಕ್ಕುತ್ತಿದ್ದವು. ಗುಬ್ಬಿ ಜಾಣೆ. "ಕಾಗೆ? ಕಾಲು? ಕಾಯಿ? ಕಾಡು?" ಎಂದು ಒಂದೊಂದೇ ಎಸೆದು, ಹುಬ್ಬು ಏರಿದ್ದೇ ತಡ, "ಕಾಡು!" ಎಂದು ಮುಂದೆ ಹೋಗುತ್ತಿದ್ದಳು. ಈ ವೇಗ ಕಂಡು ತಾಯಿ, ಮಗಳು ಪಂಡಿತೆಯಾದಳೆಂದೇ ತಿಳಿದಳು.

ಟೀಚರ್ ಹಾಗೆ ತಿಳಿಯಲಿಲ್ಲ. ಪರೀಕ್ಷೆಯ ದಿನ ಒಂದು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, "ಅಮ್ಮಾ, ನೀವು ಇಲ್ಲಿ" ಎಂದರು.

ಬಾಯಲ್ಲಿ ನೀರು, ಕಣ್ಣೆದುರು ಗೋಡೆ. ಗೋಡೆಯ ಮೇಲೆ ಒಂದರಿಂದ ನೂರರವರೆಗಿನ ಅಂಕಿಗಳ ಹಾಳೆ. ಬೆನ್ನ ಹಿಂದೆ ಮಗಳು. ಗುಂಡಿಗಳು ಟಕಟಕ ಸರಿದ ಸದ್ದು ಕೇಳಿಸಿತು. "ಒಂಬತ್ತು," ಎಂದಳು ಗುಬ್ಬಿ. ಸರಿಯೋ ತಪ್ಪೋ, ಗೋಡೆಗೇನು ಗೊತ್ತು? ಬಳಿಕ ಓದು. "ಒಂದು... ಇಲಿ... ಕನ್ನಡಿ... ನೋ...ಡಿ...ತು." ಸಾಲು ಸಾಲಾಗಿ, ಕುಂಟುತ್ತಾ, ಮುಂದೆ ಸಾಗಿತು. "ಇಲಿಗೆ ಆ..."

ನಿಂತಿತು.

ಫ್ಯಾನು ಕಿರುಗುಟ್ಟುತ್ತಿತ್ತು. ತಾಯಿಯ ಕಾಲ್ಬೆರಳುಗಳು ಚಪ್ಪಲಿಯೊಳಗೆ ಕುಣಿದವು. ಆಸೆಯೇ? ಆಟವೇ? ಆಯಾಸವೇ? ಪುಸ್ತಕ ಕಾಣುತ್ತಿರಲಿಲ್ಲ. ಜನ್ಮದಲ್ಲಿ ಮೊದಲ ಸಲ, ಮುಂದಿನ ಮಾತು ಏನೆಂದು ಅವಳಿಗೂ ಗೊತ್ತಿರಲಿಲ್ಲ. ಆ ಪುಟ್ಟ ಉಸಿರು ನಿಂತು ನಿಂತು ಕೇಳಿಸುತ್ತಿತ್ತು. ಮಗು ಹೀಗೆ ಉಸಿರು ಹಿಡಿದು ಯೋಚಿಸುತ್ತದೆ ಎಂಬುದನ್ನೂ ಅವಳು ಇದುವರೆಗೆ ಕೇಳಿಸಿಕೊಂಡಿರಲಿಲ್ಲ. ಕಣ್ಣು ಮುಚ್ಚಿ ದೇವರನ್ನು ನೆನೆದಳು. ಈ ಸಲ ತಾನೇ ಉತ್ತರ ಹೇಳಿಕೊಳ್ಳಲಿಲ್ಲ.

"ಆ... ಶ್... ಚ... ಆಶ್ಚರ್ಯ! ಇಲಿಗೆ ಆಶ್ಚರ್ಯ ಆಯಿತು!"

ತಾಯಿಯ ಬಾಯಿಂದ ಆನಂದ ನೀರಿನ ರೂಪದಲ್ಲಿ ಹೊರಟಿತು. ಅಂಕಿಗಳ ಹಾಳೆ ಐವತ್ತರಿಂದ ಕೆಳಕ್ಕೆ ತೊಯ್ದುಹೋಯಿತು. ಟೀಚರ್ ಒರೆಸಲು ಬಟ್ಟೆ ಕೊಡುತ್ತಾ, "ಗುಬ್ಬಿ ಎರಡನೇ ಕ್ಲಾಸಿಗೆ ಹೋಗ್ತಾಳೆ. ಆದ್ರೆ ಮನೇಲಿ ದಿನಾ ಓದಿಸಿ. ನೀವು ಕೇಳಿಸ್ಕೋಬೇಕು, ಅಷ್ಟೇ" ಎಂದರು. ಗುಬ್ಬಿ ಆ ಮಾತನ್ನು ಅಕ್ಷರಶಃ ಮನಸ್ಸಿನಲ್ಲಿಟ್ಟುಕೊಂಡಳು.

ಈಗ ಅವಳನ್ನು ತಡೆಯುವವರೇ ಇಲ್ಲ. ತಾಯಿ ಒಲೆಯ ಮೇಲೆ ಹಾಲಿಟ್ಟ ಗಳಿಗೆಯೇ ಹೊಸ ಪುಸ್ತಕ ಹಿಡಿದು ಅಡುಗೆಮನೆಗೆ ಹಾಜರು. ಅಮ್ಮನನ್ನು ಮಣೆಯ ಮೇಲೆ ಕೂರಿಸಿ, ಎದುರಿಗೆ ತಾನು.

"ಕ...ರ...ಡಿ... ಮ..." ಬೆರಳು ನಿಂತಿತು.

ಹಾಲು ಪಾತ್ರೆಯ ಅಂಚಿಗೆ ಬಂದಿತ್ತು.

"ಗುಬ್ಬೀ, ಒಂದ್ನಿಮಿಷ..."

"ಶ್! ಮಧ್ಯೆ ಮಾತಾಡಬಾರದು. ಟೀಚರ್ ಹೇಳಿಲ್ವಾ?"

ತಾಯಿ ಬಾಯಿ ಮುಚ್ಚಿಕೊಂಡು, ಹುಬ್ಬಿನಿಂದ ಒಲೆಯ ಕಡೆ ತೋರಿಸಿದಳು. ಗುಬ್ಬಿ ಸೊಂಟದ ಮೇಲೆ ಕೈಯಿಟ್ಟಳು.

"ಅಮ್ಮಾ, ಗೋಡೆ ಕಡೆ ತಿರುಗು."

ಔಷಧಿ ಅಂಗಡಿಯಮ್ಮ ತಿರುಗಿದಳು. ಬೆನ್ನ ಹಿಂದೆ ಹಾಲು ಉಕ್ಕಿ ಒಲೆಯ ಮೇಲೆ ಸುಯ್ಯೆಂದಿತು. ಮಗಳು ಆ ಪದದ ಮೇಲೆ ಬೆರಳಿಟ್ಟು, ಉಸಿರು ಹಿಡಿದು, ಯಾವ ಅವಸರವೂ ಇಲ್ಲದೆ ಯೋಚಿಸತೊಡಗಿದಳು.