ಪುಂಡಿಗಸಿಯ ಒಪ್ಪಿಗೆ

ನನ್ನ ಭಾವನಷ್ಟು ಒಳ್ಳೆಯ ಮನುಷ್ಯ ಮೂಡುಬಿದಿರೆಯಲ್ಲಿ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅವನನ್ನು ಕಂಡರೆ ನನಗಾಗದಿರಲು ಇದೊಂದು ಕಾರಣ ಸಾಲದೆ?

ಸೋದರಮಾವನ ಮಗ, ನನ್ನದೇ ಪ್ರಾಯ. ಕಂಪ್ಯೂಟರ್ ಕಲಿತದ್ದೂ ಒಟ್ಟಿಗೆ. ಇಂಟರ್‌ನೆಟ್ ಹೊಸತಾಗಿ ಬಂದ ಕಾಲಕ್ಕೆ ನಾನು ಬಂಟ್ವಾಳದಲ್ಲಿ ಸೈಬರ್ ಸೆಂಟರ್ ತೆರೆದೆ, ಅವನು ಮೂಡುಬಿದಿರೆಯಲ್ಲಿ. ನನ್ನ ಸೆಂಟರಿನಲ್ಲಿ ಎ.ಸಿ. ಇತ್ತು, ಅವನದರಲ್ಲಿ ಗಿರಾಕಿಗಳಿದ್ದರು. ಬಂಟ್ವಾಳದವರೇ ನನ್ನ ಬೋರ್ಡಿನ ಕೆಳಗೆ ನಿಂತು ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದರು. ಬಿಸಿಲಿಗೆ ನೆರಳು ಬೇಕಲ್ಲ!

ಅವನಿಗೊಂದು ವಿಚಿತ್ರ ರೋಗವಿತ್ತು: ಯಾವುದಕ್ಕೂ ಒಪ್ಪಿಗೆ ಕೇಳುವುದು. ನಾನು ಹೇಳಿದ ಜೋಕೊಂದನ್ನು ಯಾರದೋ ಮನೆಯ ಊಟದಲ್ಲಿ ಹೇಳಬಹುದಾ ಎಂದು ಒಮ್ಮೆ ಫೋನ್ ಮಾಡಿ ಕೇಳಿದ. ಹೇಳು ಮಾರಾಯ ಎಂದೆ. ಇದು ತನ್ನದಲ್ಲ, ಬಂಟ್ವಾಳದವನದ್ದು ಎಂದು ಮೊದಲೇ ಘೋಷಿಸಿ ಹೇಳಿದನಂತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತಂತೆ. ನಾನು ಹೇಳಿದಾಗ ನಕ್ಕದ್ದು ನಾನೊಬ್ಬನೇ.

ಅವನ ಸೆಂಟರಿಗೆ ಬರುವವರಿಗೆಲ್ಲ ಆಗ ಒಂದು ಬಸ್ಸಿನ ಆಟದ ಹುಚ್ಚು. ಮೂಲ ಆಟ ಪರದೇಶದ್ದು. ಅದಕ್ಕೆ ನಮ್ಮ ಕಡೆಯವರು ಯಾರೋ ಚಾರ್ಮಾಡಿ ಘಾಟಿಯನ್ನೂ ನಮ್ಮ ಲೈನ್ ಬಸ್ಸನ್ನೂ ಜೋಡಿಸಿ ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದರು. ಇನ್ನೊಬ್ಬರ ಆಟಕ್ಕೆ ಹೀಗೆ ಹಚ್ಚುವ ಹೊಸ ಸಾಮಾನಿಗೆ ‘ಮಾಡ್’ ಎನ್ನುತ್ತಾರೆ. (ಮಾಡ್ ರಿಪೇರಿ ಉಂಟು ಎಂದು ಭಾವ ಮನೆಯಲ್ಲಿ ಹೇಳಿದಾಗ ಅತ್ತೆ ಹೆಂಚು ನೋಡಲು ಅಂಗಳಕ್ಕಿಳಿದರಂತೆ. ನಮ್ಮಲ್ಲಿ ಮಾಡು ಎಂದರೆ ಛಾವಣಿ!) ಕಟ್ಟಿದ ಪುಣ್ಯಾತ್ಮ ಹೆಸರಿನ ಜಾಗದಲ್ಲಿ ‘ಪುಂಡಿಗಸಿ’ ಎಂದು ನಮ್ಮ ಕಡೆಯ ತಿಂಡಿಯೊಂದರ ಹೆಸರನ್ನಷ್ಟೇ ಬರೆದು, ಕೆಲಸ ಅರ್ಧಕ್ಕೇ ಬಿಟ್ಟು ಕಾಣೆಯಾಗಿದ್ದ. ಘಾಟಿಯ ದೊಡ್ಡ ತಿರುವಿಗೆ ಬಂದ ಕೂಡಲೇ ಬಸ್ಸು ರಸ್ತೆಯೊಳಗೆ ಮುಳುಗಿ ಪಾತಾಳ ಸೇರುತ್ತಿತ್ತು.

ಭಾವ ಮಳೆಗಾಲವಿಡೀ ಕೂತು ಅದನ್ನು ಸರಿಮಾಡಿದ. ತಿರುವು ಗಟ್ಟಿಯಾಯಿತು, ಹಾರ್ನಿಗೆ ಸ್ವರ ಬಂತು, ಕಂಡಕ್ಟರ್ ತುಳುವಿನಲ್ಲಿ ‘ರೈಟ್, ಪೋಯಿ’ ಎಂದ. ನಾನೂ ಆಡಿ ನೋಡಿದೆ. ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು.

ನೆಟ್ಟಿಗೆ ಹಾಕಿಬಿಡು ಎಂದರೆ, ಪುಂಡಿಗಸಿಯ ಒಪ್ಪಿಗೆ ಇಲ್ಲವಂತೆ! ಬರೆದ ಮೇಲ್‌ಗಳೆಲ್ಲ ವಾಪಸು ಬಂದಿದ್ದವು.

“ಅವನು ಬಿಟ್ಟು ಹೋದದ್ದಲ್ವಾ?” ಎಂದೆ.

“ಬಿಟ್ಟು ಹೋಗುವುದು ಬೇರೆ, ಕೊಟ್ಟು ಹೋಗುವುದು ಬೇರೆ ಭಾವ.”

ಕೊನೆಗೆ ಅವನ ಕಣ್ಣಿಗೆ ಬಿದ್ದದ್ದು ಆಟದೊಳಗಿನ ಒಂದು ಕೊಡೆ ಅಂಗಡಿ. ಬಸ್ಸು ಹೊರಡುವ ಬೆಳ್ತಂಗಡಿಯಲ್ಲಿ ಉಳಿದದ್ದೆಲ್ಲ ಪರದೇಶದ ಕಟ್ಟಡಗಳು. ಇದೊಂದಕ್ಕೆ ಮಾತ್ರ ಹಸಿರು ಹಲಗೆ ಬಾಗಿಲು, ಮುಂದೆ ಒಂದು ಕಾಲು ಗಿಡ್ಡವಾದ ಸ್ಟೂಲು. ಸುಳ್ಳು ಅಂಗಡಿಯ ಸ್ಟೂಲಿಗೆ ಯಾರೂ ಕಾಲು ಗಿಡ್ಡ ಮಾಡುವುದಿಲ್ಲ ಎಂದು ವಾದಿಸಿ, ಒಂದು ಭಾನುವಾರ ಕಂಪ್ಯೂಟರನ್ನೇ ಬೆಳ್ತಂಗಡಿಯ ಬಸ್ಸಿಗೆ ಹತ್ತಿಸಿದ. ಹಂಡೆಯಷ್ಟು ಭಾರದ ಮಾನಿಟರನ್ನು ಮಡಿಲಲ್ಲಿಟ್ಟುಕೊಂಡು ನಾನೂ ಹೋದೆ. ಅವನು ಬರಿಗೈಯಲ್ಲಿ ವಾಪಸು ಬರುವುದನ್ನು ಕಣ್ಣಾರೆ ನೋಡಬೇಕಿತ್ತು.

ಅಂಗಡಿ ಇತ್ತು. ಭಾವ ಸ್ಟೂಲಿನಲ್ಲಿ ಕೂತ, ಸ್ಟೂಲು ಕುಂಟಿತು, ಅವನ ಮುಖ ಅರಳಿತು. ನಾವು ಬೋರ್ಡಿನ ತೆರಿಗೆ ಕೇಳಲು ಬಂದವರೆಂದು ಅಂಗಡಿಯ ಬ್ಯಾರಿ ಕಾಕ ಹೆದರಿದ್ದರು. ವಿಷಯ ತಿಳಿದ ಮೇಲೆ, ಒಳಗೆ ಕೊಡೆಗೆ ಬಟ್ಟೆ ಹೊಲಿಯುತ್ತಿದ್ದ ಮಗಳನ್ನು ಕರೆದರು. ಉಜಿರೆಯಲ್ಲಿ ಓದಿ ಬಂದವಳು. ಪುಂಡಿಗಸಿ ಅವಳೇ! ಮನೆಯಲ್ಲಿಟ್ಟ ಹೆಸರಿಗೆ ಏನು ಕಡಿಮೆಯಾಗಿತ್ತು ಎಂದು ಕಾಕ ಗೊಣಗಿದರು.

ಮಾನಿಟರನ್ನು ಕೊಡೆಗಳ ನಡುವೆಯೇ ಇಟ್ಟು ಆಟ ತೆರೆದೆವು. ಅವಳು ಬಸ್ಸು ಓಡಿಸಿದಳು. ದೊಡ್ಡ ತಿರುವು ದಾಟಿದ ಮೇಲೆ ನಿಲ್ಲಿಸಿದಳು.

“ಚೆಂದ ಆಗಿದೆ. ಆದ್ರೆ ನಾನು ಒಪ್ಪಿಗೆ ಕೊಡುವುದಿಲ್ಲ. ನಾನು ಬಿಟ್ಟದ್ದಲ್ಲ ಇದು. ಹಾಸ್ಟೆಲಿಂದ ಬಂದ ಮೇಲೆ ಕಂಪ್ಯೂಟರ್ ಇರ್ಲಿಲ್ಲ. ಇದನ್ನು ನಾನೇ ಮುಗಿಸ್ಬೇಕು.”

ನನಗಾದ ಸಂತೋಷ ಹೇಳತೀರದು. ಇಡೀ ಮಳೆಗಾಲದ ದುಡಿಮೆ ಹೊಳೆಯ ಪಾಲು! ಭಾವನ ಮುಖ ಒಮ್ಮೆ ಬಾಡಿತು. ಆಮೇಲೆ ಅವನು ಎದ್ದು, ಮಾನಿಟರಿನ ವಯರನ್ನು ಯಾರೂ ಎಡವದಂತೆ ಗೋಡೆಯ ಬದಿಗೆ ಸರಿಸಿದ.

“ಹಾಗಾದ್ರೆ ಇದು ಇಲ್ಲೇ ಇರ್ಲಿ. ನಾನು ಮಾಡಿದ್ದರಲ್ಲಿ ಬೇಕಾದ್ದನ್ನು ಇಟ್ಟುಕೊಳ್ಳಿ, ಬೇಡದ್ದನ್ನು ತೆಗೀರಿ. ಮುಗಿದ ಮೇಲೆ ಬಂದು ತಗೊಂಡು ಹೋಗ್ತೇನೆ.”

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಗೆದ್ದಂತೆ ಅನಿಸಬೇಕಿತ್ತು, ಯಾಕೋ ಅನಿಸಲಿಲ್ಲ.

ಬೇಸಗೆಗೆ ಅವಳು ಮುಗಿಸಿ ನೆಟ್ಟಿಗೆ ಹಾಕಿದಳು. ಆಟ ತೆರೆದಾಗ ಕಾಣುವ ಮೊದಲ ಪರದೆಯಲ್ಲಿ ಅವಳ ನಿಜವಾದ ಹೆಸರಿತ್ತು. ಕೆಳಗೆ: ‘ದೊಡ್ಡ ತಿರುವು ಗಟ್ಟಿ ಮಾಡಿದ್ದು, ಕೇಳಿಕೊಂಡು ಮನೆತನಕ ಬಂದ ಮೂಡುಬಿದಿರೆಯ ಅಣ್ಣ.’ ಅದನ್ನು ಭಾವ ನನಗೆ ಗಟ್ಟಿಯಾಗಿ ಓದಿ ಹೇಳಲು ಹೊರಟು, ‘ಕೇಳಿಕೊಂಡು’ ಎಂಬಲ್ಲಿಗೆ ನಿಲ್ಲಿಸಿ ಕೆಮ್ಮಿದ. ನನ್ನ ಬಗ್ಗೆ ಅಂಥದೊಂದು ಸಾಲನ್ನು ಇವತ್ತಿನವರೆಗೆ ಯಾರೂ ಬರೆದಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಯಾರೋ ಅದೇ ಆಟದಿಂದ ಆ ಎರಡೂ ಹೆಸರು ಅಳಿಸಿ, ತಮ್ಮದನ್ನು ಅಂಟಿಸಿ ಸಿ.ಡಿ. ಮಾಡಿ ಹಂಚಿದರು. ಅದು ನನ್ನ ಸೆಂಟರಿಗೂ ಬಂತು. ನಾನು ಬಾಗಿಲಿಗೆ ಅಡ್ಡ ಹಲಗೆ ಇಟ್ಟು, ಒಂದೊಂದೇ ಕಂಪ್ಯೂಟರಿನಿಂದ ಅದನ್ನು ಕಿತ್ತು, ಅವಳದನ್ನು ಹಾಕುತ್ತಾ ಹೋದೆ. ಹೊರಗೆ ಕಾಯುತ್ತಿದ್ದ ಗಿರಾಕಿಯೊಬ್ಬರು ಒಳಗೆ ಇಣುಕಿ, ಮೂಡುಬಿದಿರೆಯ ಈ ಅಣ್ಣ ಯಾರು ಎಂದು ಕೇಳಿದರು.

“ನನ್ನ ಭಾವ” ಎಂದೆ.